ಟಿಕೋಟಾದವರೆಗಿನ ಪರೀಕ್ಷೆ

ಮೊನ್ನೆ ಹೊಸ ಟಯರಿನ ಕಾಗದ ಬಿಚ್ಚಿದಾಗ ರಬ್ಬರಿನ ವಾಸನೆ ಕೋಣೆಯೆಲ್ಲ ತುಂಬಿತು. ಅಥಣಿ ರಸ್ತೆಯ ಸೈಕಲ್ ಅಂಗಡಿಯವರು ನೆನಪಾದರು...

ಆಗ ನಾನು ವಿಜಯಪುರಕ್ಕೆ ವರ್ಗವಾಗಿ ಬಂದ ಹೊಸತು. ಕಚೇರಿ ಬಿಟ್ಟರೆ ಬಾಡಿಗೆ ಕೋಣೆ, ಕೋಣೆ ಬಿಟ್ಟರೆ ಕಚೇರಿ. ಭಾನುವಾರ ಬಂದರೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ನನ್ನ ಹಳೆಯ ರೇಸ್ ಸೈಕಲ್ಲಿಗೆ ಹೊಸ ಸಾಮಾನು ಹಾಕಿಸುವ ನೆಪದಲ್ಲಿ ಅವರಲ್ಲಿಗೆ ಹೋದೆ. ಅವರದೊಂದು ಪದ್ಧತಿ. ಗಿರಾಕಿ ಸೈಕಲ್ ಹೊಡೆಯುವುದನ್ನು ನೋಡದೆ ಒಂದು ನಟ್ಟನ್ನೂ ಮಾರುತ್ತಿರಲಿಲ್ಲ.

"ಮೊದಲ ಹೊಡೀರಿ ಸರ, ಆಮ್ಯಾಲ ಏನ ಬೇಕಂತ ನಾ ಹೇಳತೇನಿ."

ತಮ್ಮ ಸೈಕಲ್ ಹತ್ತಿ ನನ್ನ ಹಿಂದೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಟಿಕೋಟಾದವರೆಗೂ ಬಂದರು. ಅಲ್ಲಿ ಚಹಾ ಕುಡಿದೆವು. ಆಮೇಲೆ ಪ್ರತಿ ಭಾನುವಾರವೂ ಹಾಗೆಯೇ. ಒಮ್ಮೆ ಸೀಟಿನ ಪರೀಕ್ಷೆ, ಒಮ್ಮೆ ಹ್ಯಾಂಡಲ್ಲಿನದು, ಒಮ್ಮೆ ಗೇರಿನದು...

ನನ್ನ ಕಣ್ಣು ಮಾತ್ರ ರೇಸಿನವರು ಹಾಕುವ ಅಗಲ ರಿಮ್ಮಿನ ಕಾರ್ಬನ್ ಗಾಲಿಗಳ ಮೇಲೆ.

"ಬ್ಯಾಡ್ರಿ ಸರ. ಈ ರಸ್ತೇದಾಗ ಅಡ್ಡಗಾಳಿ ಭಾಳ, ಅಗಲ ರಿಮ್ಮಿಗೆ ಬಡದು ಸೈಕಲ್ ದೂಡತೈತಿ. ನೀವು ಆರಾಮ ಹೊಡ್ಯಾವ್ರು. ಛಲೋ ಟಯರ್, ಛಲೋ ಬ್ರೇಕ್ ಹಾಕ್ರಿ, ಸಾಕು."

ಸಿಟ್ಟು ಮೊದಲೇ ನನ್ನ ಮೂಗಿನ ತುದಿಯಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನನ್ನ ಸಂಬಳ ನೋಡಿ ಹೇಳುತ್ತಿದ್ದಾರೆ ಅನ್ನಿಸಿತು. ಗಾಲಿಗಳನ್ನು ಆನ್‌ಲೈನಿನಲ್ಲಿ ತರಿಸಿ ಬೇರೆ ಕಡೆ ಹಾಕಿಸಿದೆ. ಮೊದಲ ಸಲ ಟಿಕೋಟಾ ದಾಟಿ ಹೊನವಾಡದ ಕಡೆ ಹೋಗುವಾಗಲೇ ಗಾಳಿ ನನ್ನನ್ನು ಸೈಕಲ್ ಸಮೇತ ರಸ್ತೆಯಾಚೆ ಕೆಡವಿತು. ಅವರು ಹೇಳಿದ್ದೇ ನಿಜವಾಯಿತು. ಇನ್ನು ಯಾವ ಮುಖ ಹೊತ್ತು ಹೋಗಲಿ? ಅಂಗಡಿಯ ಕಡೆ ಸುಳಿಯುವುದನ್ನೇ ಬಿಟ್ಟೆ. ಮುಂದಿನ ವಾರ ಹೋದರಾಯಿತು ಎನ್ನುತ್ತ ವರ್ಷವೇ ಕಳೆಯಿತು...

ಕೊನೆಗೆ ಹೋದಾಗ ಅವರ ಹೆಂಡತಿ ಅಂಗಡಿಯಲ್ಲಿ ಕೂತಿದ್ದರು; ನನ್ನ ಸೈಕಲ್ ನೋಡಿಯೇ ಗುರುತು ಹಿಡಿದರು. ಅಂಗಡಿಯವರು ತೀರಿಕೊಂಡು ಕೆಲವು ತಿಂಗಳಾಗಿತ್ತು. ಪಾಪ, ಎಲ್ಲ ಗಿರಾಕಿಗಳ ಜೊತೆ ಟಿಕೋಟಾದವರೆಗೆ ಹೋಗಿ ಎಷ್ಟು ದಣಿಯುತ್ತಿದ್ದರೋ ಎಂದೆ.

"ಎಲ್ಲಾರ ಜೋಡಿ ಎಲ್ಲಿ ಹೋಗತಿದ್ರರಿ? ಉಳದವರನ್ನ ಆ ಮೂಲಿ ತನಕ ಹೊಡಿಸಿ ನೋಡತಿದ್ರು. ಟಿಕೋಟಾಕ್ಕ ನಿಮ್ಮ ಜೋಡಿ ಅಷ್ಟ. ನೀವು ಬರೂದು ಬಿಟ್ಟ ಮ್ಯಾಲೂ ಐತವಾರ ಮುಂಜಾನಿ ತಮ್ಮ ಸೈಕಲ್ಲಿಗೆ ಗಾಳಿ ತುಂಬಿ ಇಡತಿದ್ರು ನೋಡ್ರಿ."

ಅವರೂ ನನ್ನಷ್ಟೇ ಒಂಟಿ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಈಗಲೂ ಭಾನುವಾರ ಟಿಕೋಟಾಕ್ಕೆ ಹೋಗುತ್ತೇನೆ, ಒಬ್ಬನೇ. ಚಹಾದಂಗಡಿಯಲ್ಲಿ ಹೆಚ್ಚು ಹೊತ್ತು ಕೂರಲಾಗದೆ ಬೇಗ ತಿರುಗಿ ಬರುತ್ತೇನೆ.