ಒಟಾಕರ್ ಕುಡಿಯದೆ ಬಿಟ್ಟ ಗ್ಲಾಸು

ಒಟಾಕರ್ ತೀರಿಕೊಂಡು ಏಳು ವಾರವಾಯಿತು. ಪ್ರಾಗ್‌ನ ಯಾವ ಪತ್ರಿಕೆಯಲ್ಲೂ ಸುದ್ದಿ ಬರಲಿಲ್ಲ. ಬರುವಂಥ ದೊಡ್ಡ ಮನುಷ್ಯನೂ ಅವನಲ್ಲ. ಅಲ್ಲಿನ ವರ್ಶೊವಿತ್ಸೆ ಬಡಾವಣೆಯ ‘ಮೂರು ಬಾತುಕೋಳಿ’ ಪಬ್ಬಿನಲ್ಲಿ ನಲವತ್ತು ವರ್ಷ ನಲ್ಲಿಯ ಹಿಂದೆ ನಿಂತು ಬಿಯರ್ ಸುರಿದ. ಬಲಭುಜ ಸೋತ ಮೇಲೆ ಒಂಬತ್ತು ವರ್ಷ ಹೊರದೇಶದವರನ್ನು ಹಿಂದೆ ಕಟ್ಟಿಕೊಂಡು, ಸಣ್ಣ ಸಣ್ಣ ಬಿಯರ್ ತಯಾರಕರ ಮನೆಬಾಗಿಲಿಗೆ ಕರೆದೊಯ್ದು ರುಚಿ ತೋರಿಸಿದ. ಅವನ ಚರಿತ್ರೆ ಇಷ್ಟೇ. ಅವನ ಕೆಳಗಿನ ಮಹಡಿಯಲ್ಲಿ ವಾಸವಾಗಿದ್ದ ಯಾರ್ಮಿಲಾ ಮಾತ್ರ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ, ಓದುತ್ತಿದ್ದ ಪುಟದಲ್ಲಿ ಬೆರಳಿಟ್ಟು ಈಗಲೂ ಕಿವಿಗೊಡುತ್ತಾಳೆ.

ಯಾರ್ಮಿಲಾ ಶಾಲೆಯ ಮೇಡಂ ಆಗಿದ್ದವಳು. ಇಪ್ಪತ್ತು ವರ್ಷ ರಷ್ಯನ್ ಕಲಿಸಿದಳು. ಕಮ್ಯುನಿಸ್ಟ್ ಸರ್ಕಾರ ಬಿದ್ದು, ರಷ್ಯನ್ ಯಾರಿಗೂ ಬೇಡವಾದಾಗ, ನಡುವಯಸ್ಸಿನಲ್ಲಿ ಕೂತು ಇಂಗ್ಲಿಷ್ ಕಲಿತು, ಅದನ್ನೇ ಕಲಿಸಿ ನಿವೃತ್ತಳಾದಳು. ಒಟಾಕರ್‌ನ ಹೆಂಡತಿ ಬ್ಲಾಂಕಾ ತೀರಿಕೊಂಡ ವರ್ಷವೇ ಅವನ ಭುಜವೂ ಸೋತಿತು. ಆರು ತಿಂಗಳು ಮನೆಯಲ್ಲೇ ಕೂತಿದ್ದವನು ಒಂದು ಬೆಳಗ್ಗೆ ಇಳಿದು ಬಂದು ಅವಳ ಬಾಗಿಲು ತಟ್ಟಿದ.

“ಯಾರ್ಮಿಲಾ, ನಿನಗೆ ಇಂಗ್ಲಿಷ್ ಬರುತ್ತಲ್ಲ?”

“ಮಕ್ಕಳಿಗೆ ಕಲಿಸೋವಷ್ಟು ಬರುತ್ತೆ.”

“ಅಷ್ಟು ಸಾಕು. ಎರಡು ಗ್ಲಾಸು ಇಳಿದ ಮೇಲೆ ಎಲ್ಲರೂ ಮಕ್ಕಳೇ.” ಪ್ರವಾಸಿಗಳನ್ನು ಕರೆದುಕೊಂಡು ಹೋಗುವ ಯೋಚನೆಯನ್ನು ನಿಂತ ನಿಲುವಿನಲ್ಲೇ ವಿವರಿಸಿದ. ತಾನು ಬಿಯರ್ ಬಗ್ಗೆ ಹೇಳುವುದು, ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸುವುದು.

“ನಾನು ಬಿಯರ್ ಮುಟ್ಟಲ್ಲ ಅಂತ ನಿನಗೆ ಗೊತ್ತಿಲ್ವಾ?”

“ನಿನ್ನ ಪಾಲಿಂದೂ ನಾನೇ ಕುಡೀತೀನಿ. ನೀನು ಮಾತಾಡು, ನಾನು ನುಂಗ್ತೀನಿ. ಕೆಲಸ ಸರಿಯಾಗಿ ಹಂಚಿದ ಹಾಗಾಯ್ತು.”

ಅಂದಿನಿಂದ ಪ್ರತಿ ಬುಧವಾರ, ಶನಿವಾರ ಮಧ್ಯಾಹ್ನ ಮೂರಕ್ಕೆ ಟ್ರಾಮ್ ನಿಲ್ದಾಣದ ಬಳಿ ಗುಂಪು ಸೇರುತ್ತಿತ್ತು. ಎಂಟು ಜನಕ್ಕಿಂತ ಹೆಚ್ಚು ಇಲ್ಲ. ಮೊದಲು ಬೀಗ ರಿಪೇರಿಯವನ ಹಿತ್ತಲಿನ ನೆಲಮಾಳಿಗೆ. ಅಲ್ಲಿ ಒಬ್ಬ ಮಾಜಿ ಔಷಧಿ ಅಂಗಡಿಯವನು ಕಪ್ಪು ಬಿಯರ್ ಮಾಡುತ್ತಿದ್ದ. ಆಮೇಲೆ ಇಬ್ಬರು ಅಣ್ಣತಮ್ಮಂದಿರ ಹೊಸ ಅಂಗಡಿ. ಅವರು ಬಿಯರಿಗೆ ಪ್ಲಮ್ ಹಣ್ಣು ಹಾಕುತ್ತಿದ್ದರು, ಚೆರ್ರಿ ಹಾಕುತ್ತಿದ್ದರು, ಒಂದು ಸಲ ಬೀಟ್‌ರೂಟನ್ನೂ ಹಾಕಿದ್ದರು. ಒಟಾಕರ್ ಆ ಗ್ಲಾಸನ್ನು ಬೆಳಕಿಗೆ ಹಿಡಿದು, ಮೂಸಿ, ಬಹಳ ಹೊತ್ತು ಚೆಕ್ ಭಾಷೆಯಲ್ಲಿ ಮಾತಾಡುತ್ತಿದ್ದ. ಯಾರ್ಮಿಲಾ, “ಈ ಬಿಯರ್ ಬಹಳ ಹೊಸತನದಿಂದ ಕೂಡಿದೆ” ಅನ್ನುತ್ತಿದ್ದಳು.

“ಅವರು ಅಷ್ಟೊತ್ತು ಹೇಳಿದರು, ನೀವು ಒಂದೇ ಮಾತಲ್ಲಿ ಮುಗಿಸಿದ್ರಲ್ಲ?” ಎಂದು ಐರ್ಲೆಂಡಿನ ಹೆಂಗಸೊಬ್ಬಳು ಒಮ್ಮೆ ಕೇಳಿದಳು.

“ಉಳಿದದ್ದು ಬೈಗುಳ,” ಎಂದಳು ಯಾರ್ಮಿಲಾ. ಗುಂಪು ನಕ್ಕಿತು. ಏನಂದಳೆಂದು ತಿಳಿಯದಿದ್ದರೂ ಒಟಾಕರ್ ಎಲ್ಲರಿಗಿಂತ ಜೋರಾಗಿ ನಕ್ಕ. ಅಣ್ಣತಮ್ಮಂದಿರೂ ಅವನನ್ನು ಪ್ರೀತಿಸುತ್ತಿದ್ದರು. ಹೊಸದೇನಾದರೂ ಮಾಡಿದರೆ ಮೊದಲು ಅವನ ಬೈಗುಳವೇ ಬೇಕಿತ್ತು ಅವರಿಗೆ.

ಕೊನೆಗೆ ‘ಮೂರು ಬಾತುಕೋಳಿ’. ಒಲೆಯ ಪಕ್ಕದ ಉದ್ದನೆಯ ಮೇಜು ಆ ಎರಡು ದಿನ ಅವರಿಗೇ ಮೀಸಲು. ಅಲ್ಲಿ ನಲ್ಲಿ ಹಿಡಿದು ನಿಲ್ಲುತ್ತಿದ್ದವನು ರಾಡಿಮ್. ಸೈನ್ಯದ ಸೇವೆ ಮುಗಿಸಿ ಇಪ್ಪತ್ತೊಂದನೇ ವಯಸ್ಸಿಗೆ ಒಟಾಕರ್‌ನ ಕೈಕೆಳಗೆ ಸೇರಿದವನು, ಈಗ ಐವತ್ತರ ಹತ್ತಿರ. ಒಟಾಕರ್ ಅವನಿಂದ ಆರು ತಿಂಗಳು ಬರೀ ಗ್ಲಾಸು ತೊಳೆಸಿದ್ದ. ಜಿಡ್ಡಿನ ಹೆಸರೂ ಇರದ ಗ್ಲಾಸಿನಲ್ಲಿ ಒಂದೊಂದು ಗುಟುಕಿಗೂ ನೊರೆಯ ಒಂದೊಂದು ಉಂಗುರ ಅಂಟಿ ನಿಲ್ಲುತ್ತದೆ; ಖಾಲಿ ಗ್ಲಾಸು ನೋಡಿದರೆ ಕುಡಿದವನು ಎಂಥವನು ಅಂತ ತಿಳಿಯುತ್ತದೆ. ಒಟಾಕರ್‌ನ ಗ್ಲಾಸಿನಲ್ಲಿ ಯಾವಾಗಲೂ ಐದೇ ಉಂಗುರ. ರಾಡಿಮ್ ಈಗಲೂ ಅವನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದ.

ಹೋದ ವರ್ಷ ಮಾರ್ಚಿನಲ್ಲಿ ಒಟಾಕರ್‌ನ ಕಣ್ಣು ಹಳದಿಯಾಯಿತು. ಯಾರ್ಮಿಲಾಳೇ ಆಸ್ಪತ್ರೆಗೆ ಕರೆದೊಯ್ದಳು. ಲಿವರ್ ಹಾಳಾಗಿದೆ, ಇನ್ನು ಮೇಲೆ ಒಂದು ತೊಟ್ಟೂ ಒಳಗೆ ಹೋಗಕೂಡದು ಅಂದರು ಡಾಕ್ಟರು. ವಾಪಸು ಬರುವಾಗ ಟ್ರಾಮಿನಲ್ಲಿ ಅವನು ಕಿಟಕಿಯಾಚೆ ನೋಡುತ್ತ ಹೇಳಿದ:

“ಯಾರಿಗೂ ಹೇಳಬೇಡ. ರಾಡಿಮ್‌ಗಂತೂ ಹೇಳಲೇಬೇಡ.”

“ಯಾಕೆ? ನಿನ್ನ ಮಗನ ಹಾಗಿದ್ದಾನೆ.”

“ಅದಕ್ಕೇ. ಅಲ್ಲಿಗೆ ಹೋದಾಗ ನಾನು ಮೇಷ್ಟ್ರು. ರೋಗಿ ಆಗೋಕೆ ಆಸ್ಪತ್ರೆ ಇದೆ.”

ಯಾರ್ಮಿಲಾ ಮಾತು ಕೊಟ್ಟಳು. ಕೊಡಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು.

ಮೊದಲೆರಡು ಕಡೆ ತೊಂದರೆಯಿರಲಿಲ್ಲ. ಅಲ್ಲಿ ಕೊಡುವುದು ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಗ್ಲಾಸು; ತುಟಿ ಒದ್ದೆ ಮಾಡಿಕೊಂಡು ಪಕ್ಕದವನ ಮುಂದೆ ಸರಿಸಿದರೆ ಯಾರೂ ಗಮನಿಸುವುದಿಲ್ಲ. ಆದರೆ ‘ಮೂರು ಬಾತುಕೋಳಿ’ಯಲ್ಲಿ ಇರುವುದೆಲ್ಲ ಅರ್ಧ ಲೀಟರಿನ ದಪ್ಪ ಗ್ಲಾಸು. ಕೇಳುವ ಮೊದಲೇ ತಂದಿಡುತ್ತಾರೆ. ಸಾಕು ಅನ್ನಿಸಿದಾಗ ಕೆಳಗಿನ ರಟ್ಟಿನ ಬಿಲ್ಲೆಯನ್ನು ತೆಗೆದು ಗ್ಲಾಸಿನ ಮೇಲೆ ಮುಚ್ಚಬೇಕು. ಇಲ್ಲದಿದ್ದರೆ ಇನ್ನೊಂದು ಬರುತ್ತದೆ. ಒಟಾಕರ್ ಆ ಪಬ್ಬಿನಲ್ಲಿ ಮೊದಲನೆಯ ಗ್ಲಾಸಿಗೇ ಬಿಲ್ಲೆ ಮುಚ್ಚಿದರೆ ತನ್ನ ರೋಗದ ಕರಪತ್ರ ಹಂಚಿದಂತೆಯೇ. ಹಾಗಾಗಿ ಮುಚ್ಚಲಿಲ್ಲ. ಅವನ ಗ್ಲಾಸು ಅವನ ಮುಂದೆ, ಯಾರ್ಮಿಲಾಳ ಗ್ಲಾಸು ಅವಳ ಮುಂದೆ, ಎರಡೂ ತುಂಬಿದಂತೆಯೇ ನಿಂತವು. ನೊರೆ ಇಳಿಯಿತು. ಬಿಯರ್ ಸತ್ತಿತು.

ನೊರೆ ಇಳಿಯುವವರೆಗೆ ಬಿಯರನ್ನು ಬಿಡುವುದು ಆ ಊರಿನಲ್ಲಿ ಸುರಿದವನ ಮುಖಕ್ಕೆ ಹೊಡೆದ ಹಾಗೆ. ಒಟಾಕರ್ ತನ್ನ ಕಾಲದಲ್ಲಿ ಅಂಥ ಗ್ಲಾಸು ಕಂಡರೆ ಸೀದಾ ಮೇಜಿನ ಬಳಿ ಹೋಗಿ, “ಏನು ತಪ್ಪಾಗಿದೆ ಹೇಳಿ” ಎಂದು ಕೇಳುತ್ತಿದ್ದ. ರಾಡಿಮ್‌ಗೆ ಅದನ್ನು ಕಲಿಸಿದ್ದೂ ಅವನೇ. ಆದರೆ ಮೇಷ್ಟ್ರನ್ನು ಹಾಗೆ ಕೇಳುವ ಧೈರ್ಯ ರಾಡಿಮ್‌ಗೆ ಇರಲಿಲ್ಲ. ಅವನು ತಪ್ಪನ್ನು ತನ್ನಲ್ಲೇ ಹುಡುಕತೊಡಗಿದ. ನಲ್ಲಿಗೆ ಬಿಯರ್ ತರುವ ಪೈಪುಗಳನ್ನು ತೊಳೆಸಿದ. ಪೀಪಾಯಿಗಳಿದ್ದ ನೆಲಮಾಳಿಗೆಯ ಉಷ್ಣತೆಯನ್ನು ಒಂದು ಡಿಗ್ರಿ ಇಳಿಸಿದ, ಮತ್ತೆ ಏರಿಸಿದ. ಕೊನೆಗೆ ಪೈಪುಗಳನ್ನೇ ಬದಲಾಯಿಸಿದ. ಬುಧವಾರ ಬಂತು, ಶನಿವಾರ ಬಂತು. ಒಟಾಕರ್ ಎದ್ದುನಿಂತು, “ಇಡೀ ಪ್ರಾಗ್‌ನಲ್ಲಿ ಇದಕ್ಕಿಂತ ಚೆನ್ನಾಗಿ ಸುರಿದ ಬಿಯರ್ ಸಿಗಲ್ಲ” ಎಂದು ಪ್ರವಾಸಿಗಳಿಗೆ ಹೇಳಿ ಕೂತ. ಗ್ಲಾಸು ಮಾತ್ರ ತುಂಬಿಯೇ ಇತ್ತು.

ಮೇ ತಿಂಗಳಲ್ಲಿ ಒಂದು ಗುಂಪಿನಲ್ಲಿ ಹಾಲೆಂಡಿನ ದಂತವೈದ್ಯನೊಬ್ಬನಿದ್ದ. ‘ಮುಳುಗಿಹೋದವ’ ಎಂದು ಊರವರು ಕರೆಯುವ, ವಿನಿಗರ್‌ನಲ್ಲಿ ನೆನೆಹಾಕಿದ ಸಾಸೇಜನ್ನು ಚಪ್ಪರಿಸುತ್ತ ಅವನು ಯಾರ್ಮಿಲಾಳನ್ನು ಕೇಳಿದ: “ಮಾರ್ಗದರ್ಶಕರೇ ಇದನ್ನ ಕುಡೀತಿಲ್ಲ. ನಾವು ಮಾತ್ರ ಕುಡೀಬೇಕಾ?”

ರಾಡಿಮ್ ಖಾಲಿ ಗ್ಲಾಸು ಎತ್ತಲು ಪಕ್ಕದಲ್ಲೇ ನಿಂತಿದ್ದ. ಅವನು ಅವಳ ಶಾಲೆಯಲ್ಲಿ ಓದಿದವನಲ್ಲ, ಆದರೂ ಅಷ್ಟು ಇಂಗ್ಲಿಷ್ ಅವನಿಗೆ ಬರುತ್ತಿತ್ತು.

“ಏನಂತೆ?” ಎಂದ ಒಟಾಕರ್.

“ಸಾಸೇಜು ಚೆನ್ನಾಗಿದೆಯಂತೆ,” ಎಂದಳು. ರಾಡಿಮ್ ಅವಳ ಮುಖ ನೋಡಿದ, ಮೇಷ್ಟ್ರ ಗ್ಲಾಸು ನೋಡಿದ, ಹೊರಟುಹೋದ.

ಮುಂದಿನ ಬುಧವಾರ ಒಲೆಯ ಪಕ್ಕದ ಮೇಜಿನಲ್ಲಿ ನಾಲ್ವರು ಇಸ್ಪೀಟು ಆಡುತ್ತಿದ್ದರು. ಬಾಗಿಲಲ್ಲೇ ರಾಡಿಮ್ ಅಡ್ಡ ನಿಂತ.

“ಜಾಗ ಇಲ್ಲ ಮೇಷ್ಟ್ರೇ.”

“ಒಂಬತ್ತು ವರ್ಷದಿಂದ ಇದ್ದ ಜಾಗ ಎಲ್ಲಿಗೆ ಹೋಯ್ತು?”

“ನಿಮ್ಮ ಬಾಯಿಗೆ ಹಿಡಿಸೋ ಬಿಯರ್ ಎಲ್ಲಿ ಸಿಗುತ್ತೋ ಅಲ್ಲಿಗೆ ಕರ್ಕೊಂಡು ಹೋಗಿ ಇವರನ್ನ. ಬಾಯಲ್ಲಿ ಹೊಗಳೋದು, ಗ್ಲಾಸು ಹಾಗೇ ಬಿಡೋದು. ಪರದೇಶದವರ ಮುಂದೆ ಇಷ್ಟು ಅವಮಾನ ಸಾಕು.”

ಒಟಾಕರ್ ಬಾಗಿಲಿಂದಲೇ ತಿರುಗಿ ನಡೆದ. ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕೂತು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡ. ಪ್ರವಾಸಿಗಳನ್ನು ಕಳಿಸಿ ಬಂದ ಯಾರ್ಮಿಲಾ ಪಕ್ಕದಲ್ಲಿ ಕೂತಳು.

“ಹೋಗಿ ಹೇಳಿಬಿಡ್ಲಾ?” ಎಂದಳು.

“ಮಾತು ಕೊಟ್ಟಿದ್ದೀಯ.”

“ಅವನು ಎರಡು ತಿಂಗಳಿಂದ ತನ್ನ ಕೈ ಕೆಟ್ಟಿದೆ ಅಂದ್ಕೊಂಡು ನರಳ್ತಾ ಇದ್ದಾನೆ. ನಿನ್ನ ಜಂಭಕ್ಕೆ ಅವನ ಕೈ ಬಲಿ ಕೊಡ್ತೀಯಾ?”

ಎರಡು ಟ್ರಾಮ್ ಬಂದು ಹೋದವು. “ಸೋಮವಾರ ಬೆಳಗ್ಗೆ ನನ್ನ ಜೊತೆ ಬಾ,” ಎಂದ. “ಬಾಗಿಲು ತೆಗೆಯೋದಕ್ಕೆ ಮುಂಚೆ.”

ದಿನದ ಮೊದಲ ಗ್ಲಾಸು ಗಿರಾಕಿಗಲ್ಲ, ಸುರಿಯುವವನಿಗೆ. ಅದನ್ನು ಕುಡಿದು ನೋಡಿ, ಸರಿಯಿದ್ದರೆ ಮಾತ್ರ ಬಾಗಿಲು ತೆಗೆಯಬೇಕು. ಇದು ಒಟಾಕರ್ ಹಾಕಿಕೊಟ್ಟ ಕ್ರಮ. ಅವರು ಹಿತ್ತಲ ಬಾಗಿಲಿನಿಂದ ಒಳಗೆ ಹೋದಾಗ ರಾಡಿಮ್ ಆಗಷ್ಟೇ ಗ್ಲಾಸನ್ನು ತಣ್ಣೀರಿನಲ್ಲಿ ಅದ್ದುತ್ತಿದ್ದ.

“ತಪ್ಪು ಹುಡುಕೋಕೆ ಬಂದ್ರಾ?” ಎಂದ, ತಲೆಯೆತ್ತದೆ.

“ಸುರಿ,” ಎಂದ ಒಟಾಕರ್.

ರಾಡಿಮ್ ಸುರಿದ. ಮೊದಲು ನೊರೆ, ನೊರೆಯ ಅಡಿಗೆ ಬಿಯರ್. ಮೇಲೆ ಮೂರು ಬೆರಳು ದಪ್ಪದ ಒದ್ದೆ ನೊರೆ, ಕೆನೆಯ ಹಾಗೆ. ಒಟಾಕರ್ ಗ್ಲಾಸನ್ನು ಕಿಟಕಿಯತ್ತ ಹಿಡಿದು ನೋಡಿದ. ಮೂಸಿದ. ಆಮೇಲೆ ಯಾರ್ಮಿಲಾ ತಡೆಯುವಷ್ಟರಲ್ಲಿ ಬಾಯಿ ತುಂಬ ಒಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದ. ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಕೊನೆಗೆ ಬಗ್ಗಿ, ಗ್ಲಾಸು ತೊಳೆಯುವ ತೊಟ್ಟಿಗೆ ಅಷ್ಟನ್ನೂ ಉಗುಳಿದ.

ರಾಡಿಮ್ ನಲ್ಲಿಯಿಂದ ಕೈ ತೆಗೆದ. “ಅಷ್ಟು ಕೆಟ್ಟದಾಗಿದೆಯಾ?” ಎಂದ.

“ಇದಕ್ಕಿಂತ ಚೆನ್ನಾಗಿ ನಾನೂ ಯಾವತ್ತೂ ಸುರಿದಿಲ್ಲ.”

“ಮತ್ತೆ ಉಗುಳಿದ್ರಲ್ಲ?”

“ನುಂಗೋ ಹಾಗಿಲ್ಲ ಕಣೋ. ಲಿವರ್ ಹೋಗಿದೆ. ಮಾರ್ಚಿಂದ ಒಂದು ತೊಟ್ಟೂ ಕುಡಿದಿಲ್ಲ, ಎಲ್ಲೂ ಕುಡಿದಿಲ್ಲ. ಬೇಕಾದ್ರೆ ಇವಳನ್ನ ಕೇಳು.” ರಟ್ಟಿನ ಬಿಲ್ಲೆಯೊಂದನ್ನು ತೆಗೆದು ಗ್ಲಾಸಿನ ಮೇಲೆ ಮುಚ್ಚಿದ.

ರಾಡಿಮ್ ಆ ಬಿಲ್ಲೆಯನ್ನೇ ನೋಡುತ್ತ ನಿಂತ. “ಮೊದಲೇ ಹೇಳೋಕೆ ಏನಾಗಿತ್ತು? ನಾನು ಪೈಪೆಲ್ಲ ಬದಲಾಯಿಸಿದೆ.”

“ಪೈಪು ಹಳೇದಾಗಿತ್ತು. ಬದಲಾಯಿಸಿದ್ದು ಒಳ್ಳೇದೇ ಆಯ್ತು.”

ರಾಡಿಮ್ ಬೆನ್ನು ತಿರುಗಿಸಿ, ತೊಳೆದಿಟ್ಟಿದ್ದ ಗ್ಲಾಸುಗಳನ್ನೇ ಮತ್ತೆ ಒಂದೊಂದಾಗಿ ತೊಳೆಯತೊಡಗಿದ. ಒಟಾಕರ್ ಟೋಪಿ ಹಾಕಿಕೊಂಡು, “ಬುಧವಾರ ಎಂಟು ಜನ,” ಎಂದಷ್ಟೇ ಹೇಳಿ ಹೊರಟ.

ಬುಧವಾರ ಇಸ್ಪೀಟಿನವರು ಇರಲಿಲ್ಲ. ಒಲೆಯ ಪಕ್ಕದ ಮೇಜಿನ ತಲೆಯಲ್ಲಿ, ಒಟಾಕರ್‌ನ ಜಾಗದಲ್ಲಿ, ತೊಳೆದ ಖಾಲಿ ಗ್ಲಾಸೊಂದಿತ್ತು. ಅದರ ಮೇಲೆ ಆಗಲೇ ಬಿಲ್ಲೆ ಮುಚ್ಚಿತ್ತು. ಯಾರೂ ಅದಕ್ಕೆ ಬಿಯರ್ ತರಲಿಲ್ಲ, ಯಾರೂ ಏನೂ ಕೇಳಲಿಲ್ಲ. ಚಳಿಗಾಲದವರೆಗೂ ಪ್ರತಿ ಸಲ ಹಾಗೇ ಇರುತ್ತಿತ್ತು. ಯಾರ್ಮಿಲಾಳ ಗ್ಲಾಸನ್ನು ಗುಂಪಿನಲ್ಲಿ ಯಾರಾದರೂ ಬಾಯಾರಿದವರಿಗೆ ದಾಟಿಸುವುದನ್ನು ಒಟಾಕರ್ ನೋಡಿಕೊಳ್ಳುತ್ತಿದ್ದ.

ಜನವರಿಯಲ್ಲಿ ಅವನು ಆಸ್ಪತ್ರೆ ಸೇರಿದ. ರಾಡಿಮ್ ನೋಡಲು ಬಂದವನು ಹೂವು ತರಲಿಲ್ಲ, ಹಣ್ಣು ತರಲಿಲ್ಲ. ಟವೆಲಿನಲ್ಲಿ ಸುತ್ತಿದ ಆ ಗ್ಲಾಸನ್ನು ತಂದಿದ್ದ. ಒಟಾಕರ್ ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

“ಅಂಚಲ್ಲಿ ಒಂದು ಕಲೆ ಇದೆ,” ಎಂದ.

ಕಲೆ ಇರಲಿಲ್ಲ. ಅದು ಮೂವರಿಗೂ ಗೊತ್ತಿತ್ತು. “ತೊಳೀತೀನಿ ಮೇಷ್ಟ್ರೇ,” ಎಂದು ರಾಡಿಮ್ ಎದ್ದು, ವಾರ್ಡಿನ ಬೇಸಿನ್ನಿನಲ್ಲಿ ಬಹಳ ಹೊತ್ತು ತೊಳೆದ. ಆಮೇಲೆ ಒಟಾಕರ್ ಬದುಕಿದ್ದು ಒಂಬತ್ತು ದಿನ.

ಪ್ರವಾಸ ನಿಲ್ಲಿಸಿಬಿಡಬೇಕೆಂದು ಯಾರ್ಮಿಲಾ ಮೊದಲು ಯೋಚಿಸಿದಳು. ಬೈಗುಳವಿಲ್ಲದೆ ಅನುವಾದಿಸುವುದು ಏನನ್ನು? ಆದರೆ ಮೊದಲೇ ಹೆಸರು ಕೊಟ್ಟಿದ್ದ ಆರು ಜನ ಬಂದೇ ಬರುವವರಿದ್ದರು. ಈ ಶನಿವಾರ ಅವಳೊಬ್ಬಳೇ ಹೋದಳು. ಅಣ್ಣತಮ್ಮಂದಿರ ಅಂಗಡಿಯಲ್ಲಿ ಪ್ಲಮ್ ಬಿಯರನ್ನು ಬೆಳಕಿಗೆ ಹಿಡಿದು, ಒಟಾಕರ್ ಹೇಳುತ್ತಿದ್ದ ಮಾತುಗಳನ್ನು ಮೊದಲ ಸಲ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಪ್ರವಾಸಿಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಣ್ಣತಮ್ಮಂದಿರಲ್ಲಿ ಚಿಕ್ಕವನು ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

‘ಮೂರು ಬಾತುಕೋಳಿ’ಯಲ್ಲಿ ಮೇಜಿನ ತಲೆಯ ಜಾಗ ಖಾಲಿಯಿತ್ತು. “ಅಲ್ಲೇ ಕೂತ್ಕೊಳ್ಳಿ ಯಾರ್ಮಿಲಮ್ಮ,” ಎಂದ ರಾಡಿಮ್. ಅವಳು ಕೂತಳು. ಅವನು ಎಂದಿನಂತೆ ಕೇಳದೆಯೇ ಅರ್ಧ ಲೀಟರು ತಂದು ಅವಳ ಮುಂದಿಟ್ಟ. ಪಕ್ಕದವರಿಗೆ ದಾಟಿಸಬಹುದಿತ್ತು. ಬಿಲ್ಲೆ ಮುಚ್ಚಬಹುದಿತ್ತು, ಅದು ಕೈಗೆಟಕುವಲ್ಲೇ ಇತ್ತು. ರಾಡಿಮ್ ನಲ್ಲಿಯ ಹಿಂದೆ ನಿಂತು ಬೇರೆಲ್ಲೋ ನೋಡುತ್ತಿದ್ದ. ನೊರೆ ಇನ್ನೂ ಇಳಿದಿರಲಿಲ್ಲ.

ಯಾರ್ಮಿಲಾ ಎರಡೂ ಕೈಯಿಂದ ಗ್ಲಾಸೆತ್ತಿ ಕುಡಿದಳು. ಕಹಿ ಗಂಟಲಿಗಿಳಿದು ಕಣ್ಣಲ್ಲಿ ನೀರು ಬಂತು. ನಿಲ್ಲಿಸಿ, ಉಸಿರೆಳೆದು, ಮತ್ತೆ ಕುಡಿದಳು. ಪ್ರವಾಸಿಗಳು ಏನೋ ಕೇಳಿದರು, ಉತ್ತರಿಸಿದಳು, ಮತ್ತೆ ಕುಡಿದಳು. ಸತ್ತ ಬಿಯರ್ ಆ ಮೇಜಿನ ಮೇಲೆ ಉಳಿಯಬಾರದೆಂಬ ಒಂದೇ ಹಟ ಅವಳಿಗೆ.

ಖಾಲಿಯಾದ ಗ್ಲಾಸನ್ನು ರಾಡಿಮ್ ಬಂದು ಎತ್ತಿ ಬೆಳಕಿಗೆ ಹಿಡಿದ.

“ಹತ್ತೊಂಬತ್ತು ಉಂಗುರ. ಮೇಷ್ಟ್ರದ್ದು ಐದೇ ಇರ್ತಿತ್ತು.”

“ಮೊದಲ ಸಲ ಅಲ್ವಾ,” ಎಂದಳು ಯಾರ್ಮಿಲಾ, ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ. ಆಮೇಲೆ ಗ್ಲಾಸಿನತ್ತ ಕೈ ತೋರಿಸಿದಳು. “ಅಂಚಲ್ಲಿ ಒಂದು ಕಲೆ ಇದೆ.”

ರಾಡಿಮ್ ಗ್ಲಾಸಿನ ಅಂಚನ್ನೊಮ್ಮೆ ನೋಡಿದ. “ತೊಳೀತೀನಿ,” ಎಂದು ಗ್ಲಾಸನ್ನು ತೊಟ್ಟಿಯ ಬಳಿಗೆ ತೆಗೆದುಕೊಂಡು ಹೋದ.