ಗೋಡೆ ಕಡೆ ಮುಖ ಮಾಡಿ ಕೇಳಿದ ಧಾರಾವಾಹಿ

ಅವ್ವನ ಬಲಗಣ್ಣಿನ ಪೊರೆ ತೆಗೆಸಿದ್ದು ಚಳ್ಳಕೆರೆಯಲ್ಲಿ. ಆಪರೇಷನ್ ಆದ ಮೇಲೆ ಅವಳ ಊರು ಕೊಂಡ್ಲಹಳ್ಳಿಗೆ ಕಳಿಸದೆ ನಮ್ಮ ಮನೆಯಲ್ಲೇ ಉಳಿಸಿಕೊಂಡೆ. ಒಂದು ವಾರ ಟಿವಿ ನೋಡಬಾರದು ಎಂದು ಡಾಕ್ಟರು ಹೇಳಿದ್ದರು. ಅವ್ವನಿಗೆ ಸಂಜೆ ಏಳರ ಧಾರಾವಾಹಿ ಬಿಟ್ಟಿರಲು ಆಗುತ್ತಿರಲಿಲ್ಲ. ಮೊದಲ ದಿನವೇ ಕಪ್ಪು ಕನ್ನಡಕ ಹಾಕಿಕೊಂಡು, ಕುರ್ಚಿ ತಿರುಗಿಸಿ, ಗೋಡೆ ಕಡೆ ಮುಖ ಮಾಡಿ ಕೂತಳು.

“ನೋಡಬ್ಯಾಡ್ರಿ ಅಂದಾರೆ, ಕೇಳಬ್ಯಾಡ್ರಿ ಅಂದಿಲ್ಲ. ಸೌಂಡು ಒಸಿ ಜಾಸ್ತಿ ಮಾಡು.”

ನಾನು ಪ್ರೈಮರಿ ಶಾಲೆಯ ಟೀಚರು. ತಪ್ಪು ಹುಡುಕುವುದು ಕೈಗೆ ಅಂಟಿದ ಅಭ್ಯಾಸ. ಧಾರಾವಾಹಿಗಳಲ್ಲಿ ಅಪ್ಪನಾದವನು ಮಗನಿಗೆ ಅಣ್ಣನಂತೆ ಕಾಣುತ್ತಾನೆ, ಮನೆಹಾಳಿಯ ಮುಖವನ್ನು ಗುಡುಗಿನ ಸದ್ದಿನೊಂದಿಗೆ ಮೂರು ಸಲ ತೋರಿಸುತ್ತಾರೆ ಎಂದು ಯಾವಾಗಲೂ ಗೊಣಗುತ್ತಿದ್ದೆ. ಆದರೆ ಈ ಧಾರಾವಾಹಿಯ ಬಗ್ಗೆ ನನಗೂ ಗೌರವವಿತ್ತು. ಅತ್ತೆ ಮನೆಯಿಂದ ಹೊರಹಾಕಿದ ಹುಡುಗಿಯೊಬ್ಬಳು ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಖಾನಾವಳಿ ಇಟ್ಟುಕೊಂಡು ಬದುಕುವ ಕಥೆ. ಅತ್ತೆಯ ಪಾತ್ರಕ್ಕೆ ಹಾಕಿದ್ದ ನಟಿಯ ಕೈಗಳು ನಿಜವಾಗಿ ಕೆಲಸ ಮಾಡಿದವರ ಕೈಗಳ ಹಾಗಿದ್ದವು. ಆಕೆ ಸೊಪ್ಪು ಬಿಡಿಸುವುದನ್ನು ನೋಡಿಯೇ ನಾನು ಈ ಕಥೆಗೆ ಒಲಿದದ್ದು.

ನಮ್ಮ ಜೊತೆ ಪಕ್ಕದ ಮನೆಯಾಕೆಯೂ ಬಂದು ಕೂರುತ್ತಿದ್ದಳು. ಮೊಳಕಾಲ್ಮೂರಿನ ನೇಕಾರರ ಮನೆಯ ಹೆಣ್ಣು, ಮಾತಿನ ಮಧ್ಯೆ ತೆಲುಗು ಬರುತ್ತಿತ್ತು. ಆಕೆ ಮೊದಲು ನೋಡುತ್ತಿದ್ದುದು ಸೀರೆ. “ಮೊಳಕಾಲ್ಮೂರು ಸೀರೆ ಅಂತಾರೆ, ಆ ಅಂಚು ಮಗ್ಗದ ಮುಖಾನೇ ಕಂಡಿಲ್ಲ ನೋಡ್ರಿ” ಎಂದು ಶುರು ಮಾಡಿದರೆ ಜಾಹೀರಾತು ಬರುವವರೆಗೂ ನಿಲ್ಲುತ್ತಿರಲಿಲ್ಲ.

ಅವ್ವ ಗೋಡೆ ನೋಡಲು ಕೂತ ಮೂರನೇ ದಿನ ಆ ಅನಾಹುತ ಆಯಿತು. ಖಾನಾವಳಿಯ ಬಾಗಿಲು ತೆರೆದು ನಾಯಕಿ ಹೊರಗೆ ಬಂದಳು, ಆದರೆ ಅವಳು ನಮ್ಮ ನಾಯಕಿಯಲ್ಲ. ಇನ್ನು ಮುಂದೆ ಈ ಪಾತ್ರ ಇವರದು ಎಂದು ಕೆಳಗೆ ಒಂದು ಸಾಲು ಹಾದುಹೋಯಿತು.

“ಬಾಗಲೇದು, ಬಾಗಲೇದು! ಚೆನ್ನಾಗಿಲ್ಲ ಕಣ್ರಿ. ಇದ್ಯಾವ ಮುಖ ತಂದು ಇಟ್ರು?” ಪಕ್ಕದಾಕೆ ಎದ್ದೇ ನಿಂತಳು.

ಆಗಷ್ಟೇ ಎಣ್ಣೆ ಮಿಲ್ಲಿನಿಂದ ಬಂದು ಕಾಲು ತೊಳೆಯುತ್ತಿದ್ದ ನನ್ನ ಗಂಡನೂ ಇಣುಕಿ ನೋಡಿ, “ಇವಳು ರೊಟ್ಟಿ ಬಡಿಯೋಳ ಥರ ಇಲ್ಲ” ಎಂದರು. ನಾನೂ ಸೇರಿಕೊಂಡೆ. ಎತ್ತರ ಜಾಸ್ತಿ, ಹುಬ್ಬು ತೀರಾ ತೀಡಿದ್ದು, ಕಷ್ಟ ಕಂಡ ಮುಖವೇ ಅಲ್ಲ.

ಅವ್ವ ಗೋಡೆ ಕಡೆಯಿಂದಲೇ ಕೇಳಿದಳು: “ಯಾರು ಬದಲಾದ್ರು?”

“ನಾಯಕಿ ಕಣವ್ವ. ಬೇರೆಯವಳು ಬಂದಾಳೆ.”

“ಯಾಕೆ ಸುಳ್ಳು ಹೇಳ್ತೀಯಾ? ಅದೇ ಹುಡುಗಿ ಮಾತಾಡ್ತಾ ಐತಲ್ಲ.”

ನಾವು ಮೂವರೂ ನಕ್ಕೆವು. ಅವ್ವ ನಗಲಿಲ್ಲ. “ಶೇಂಗಾ ಹೊಲದಾಗೆ ಕಳೆ ತೆಗೆಯೋವಾಗ ಬಗ್ಗಿದ ತಲೆ ಎತ್ತಂಗಿಲ್ಲ. ಯಾರು ಅತ್ತು ಬಂದಾರೆ, ಯಾರು ಉಂಡು ಬಂದಿಲ್ಲ ಅಂತ ದನಿ ಕೇಳೇ ಗೊತ್ತಾಗ್ತಿತ್ತು. ನಂಗೆ ಹೇಳಕ್ಕೆ ಬರ್ತೀಯಾ? ಕಣ್ಣು ಮುಚ್ಚಿ ಕೇಳು.”

ಕಣ್ಣು ಮುಚ್ಚಿದೆ. ಅದೇ ದನಿ! ಮಾತಿಗೆ ಮುಂಚೆ ಒಂದು ಸಣ್ಣ ಉಸಿರು, ಕೊನೆಯ ಪದವನ್ನು ನೆಲಕ್ಕೆ ಇಳಿಸಿದ ಹಾಗೆ ಮೆಲ್ಲಗೆ ಬಿಡುವ ರೀತಿ, ಎಲ್ಲವೂ ಅದೇ. ಮುಖ ಬದಲಾಗಿತ್ತು, ದನಿ ಕೊಡುವವರು ಬದಲಾಗಿರಲಿಲ್ಲ. ಒಂದು ವರ್ಷ ನಾನು ಮೆಚ್ಚಿದ್ದು, ಮರುಗಿದ್ದು, ಶಾಲೆಯಲ್ಲಿ ಟೀಚರುಗಳ ಮುಂದೆ ಹೊಗಳಿದ್ದು ಅರ್ಧಕ್ಕರ್ಧ ಕಾಣದ ಒಬ್ಬರನ್ನು. ನಾಚಿಕೆಯಾಯಿತು. ಕಂತಿನ ಕೊನೆಯಲ್ಲಿ ಓಡುವ ಹೆಸರುಗಳನ್ನು ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ಹುಡುಕಿದೆ. ಕಂಠದಾನ ಎಂಬುದರ ಕೆಳಗೆ ಒಂದು ಹೆಂಗಸಿನ ಹೆಸರು ಸಿಕ್ಕಿತು. ಅವ್ವನಿಗೆ ಓದಿ ಹೇಳಿದೆ.

ವಾರ ಕಳೆದು ಡಾಕ್ಟರು ಒಪ್ಪಿದ ಮೇಲೆ ಅವ್ವ ಕುರ್ಚಿ ತಿರುಗಿಸಿದಳು. ಹೊಸ ಹುಡುಗಿಯನ್ನು ಬಹಳ ಹೊತ್ತು ನೋಡಿ, “ಮಾತು ಮುಂದೆ ಹೋಗ್ತಾ ಐತೆ, ಮುಖ ಹಿಂದಿನಿಂದ ಓಡಿ ಬರ್ತಾ ಐತೆ. ಬೈಬ್ಯಾಡ್ರಿ, ಕಲೀತಾಳೆ” ಎಂದಳು.

ಕಲಿತಳು. ಸುಮಾರು ಒಂದು ತಿಂಗಳಿಗೆ ಆ ದೃಶ್ಯ ಬಂತು. ದಿಕ್ಕುಗೆಟ್ಟ ಅತ್ತೆ, ಯಾರ ಖಾನಾವಳಿ ಎಂದು ತಿಳಿಯದೆ, ಹಸಿದು ಒಳಗೆ ಬರುತ್ತಾಳೆ. ಬೇರೆ ಕಥೆಯಾಗಿದ್ದರೆ ಹಳೆಯದನ್ನೆಲ್ಲ ಇನ್ನೊಮ್ಮೆ ತೋರಿಸಿ, ಒಂದು ವಾರ ಜಗಳ ಎಳೆಯುತ್ತಿದ್ದರು. ಇಲ್ಲಿ ಬರೆದವರು ಸೊಸೆಗೆ ಕೊಟ್ಟಿದ್ದು ಎರಡೇ ಮಾತು: “ಕೂತ್ಕೊಳ್ಳಿ. ರೊಟ್ಟಿ ಆರಿಹೋಗುತ್ತೆ.” ಸಂಗೀತವಿಲ್ಲ. ಹೊಸ ಹುಡುಗಿ ತಟ್ಟೆ ಇಟ್ಟು, ಅತ್ತೆಯ ಮುಖ ನೋಡದೆ, ನೀರಿನ ಲೋಟವನ್ನು ಕೈಗೆ ಎಟಕುವಷ್ಟು ಹತ್ತಿರ ಸರಿಸಿದಳು. ಅತ್ತೆಯ ಆ ಕೈಗಳು ರೊಟ್ಟಿ ಮುರಿಯಲಾಗದೆ ನಿಂತವು. ಪಕ್ಕದಾಕೆ ಅವತ್ತು ಸೀರೆ ನೋಡಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, “ಇವಳೇ ಸರಿ ಬಿಡ್ರಿ” ಎಂದಳು. ನನ್ನ ಗಂಡ ಎದ್ದುಹೋಗಿ ಅವ್ವನಿಗೆ ನೀರು ತಂದುಕೊಟ್ಟರು.

ಅವ್ವ ಊರಿಗೆ ಹೋದ ಮೇಲೂ ದಿನಾ ಕಂತು ಮುಗಿದ ಕೂಡಲೇ ಫೋನ್ ಮಾಡುತ್ತಿದ್ದಳು. ಹೋದ ಯುಗಾದಿಯ ಹೊತ್ತಿಗೆ ಕಥೆ ಮುಗಿಯಿತು. ಸುಮ್ಮನೆ ಎಳೆಯದೆ ಮುಗಿಸಿದರು, ಅದಕ್ಕೂ ನನ್ನ ಮೆಚ್ಚುಗೆಯಿದೆ. ಕೊನೆಯ ದಿನ ಕಲಾವಿದರನ್ನೆಲ್ಲ ವೇದಿಕೆಗೆ ಕರೆದರು. ಎಲ್ಲರ ನಂತರ ನಾಯಕಿಯೇ ಕೆಳಗಿಳಿದು ಹೋಗಿ, ಹಿಂದಿನ ಸಾಲಿನಿಂದ ಒಬ್ಬರನ್ನು ಕೈಹಿಡಿದು ಕರೆತಂದಳು. ಹತ್ತಿ ಸೀರೆ, ದಪ್ಪ ಕನ್ನಡಕ, ಅರವತ್ತು ದಾಟಿರಬಹುದು. ಮೈಕ್ ಹಿಡಿದು “ಎಲ್ಲರಿಗೂ ನಮಸ್ಕಾರ” ಎಂದರು. ಇಪ್ಪತ್ತೈದರ ಹುಡುಗಿಯ ಆ ದನಿ ಆ ಬಾಯಿಂದ ಬಂತು.

ಫೋನ್ ರಿಂಗಾಯಿತು. ಎತ್ತಿದೆ, ಅವ್ವನದು. ಅವಳ ಮನೆಯ ಟಿವಿಯಲ್ಲಿ ಆಕೆ ಇನ್ನೂ ಮಾತಾಡುತ್ತಿದ್ದರು, ನಮ್ಮ ಮನೆಯಲ್ಲೂ. ಮಾತು ಮುಗಿಯುವವರೆಗೆ ಇಬ್ಬರೂ ಫೋನ್ ಹಿಡಿದು ಸುಮ್ಮನೆ ಕೇಳಿದೆವು.