ಚಳಿಗೊಂದು ವೈರು

ಈ ಬೆಳಿಗ್ಗೆ ಕಪಾಟಿನ ಮೇಲಿನ ಡಬ್ಬದಿಂದ ಕೈಗವಸುಗಳನ್ನು ತೆಗೆದಾಗ ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ಬೈಕಿನ ವೈರಿಗೆ ಸಿಕ್ಕಿಸಿ, ಕೀ ತಿರುಗಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಅದರ ಹಿಂದಿನಿಂದ ಇನ್ನೊಂದು ವಾಸನೆ ಎದ್ದಿತು. ಬೆಚ್ಚಗಾದ ರಬ್ಬರಿನದು, ಸ್ವಲ್ಪ ಇಸ್ತ್ರಿ ಮಾಡಿದ ಬಟ್ಟೆಯದು. ವರ್ಷಕ್ಕೊಮ್ಮೆ, ಚಳಿ ಬಿದ್ದ ಮೊದಲ ದಿನ ಈ ವಾಸನೆ ಬರುತ್ತದೆ. ನನಗೆ ಅದು ರುದ್ರೇಶ ಮಾವನ ವಾಸನೆ. ಅವರ ಮೈಗೆ ಇಂಥ ವಾಸನೆಯೇನೂ ಇರಲಿಲ್ಲ ಅನ್ನಿ, ಎಲೆಅಡಿಕೆಯದ್ದಿರುತ್ತಿತ್ತು, ಅಷ್ಟೇ. ಆದರೆ ಮೂಗು ಕೇಳಬೇಕಲ್ಲ.

ಶಿವಮೊಗ್ಗದಲ್ಲಿ ಕರೆಂಟಿನ ಕೈಗವಸು ಹಾಕಿಕೊಂಡು ಬೈಕ್ ಓಡಿಸುವುದೇ ಎಂದು ನೀವು ನಗಬಹುದು. ನಿಮಗಿಂತ ಮೊದಲೇ ಬಹಳ ಜನ ನಕ್ಕಿದ್ದಾರೆ. ಸಿಗ್ನಲ್ಲಿನಲ್ಲಿ ಪಕ್ಕ ನಿಂತವರು ಮಾತ್ರ ನನ್ನ ಜಾಕೆಟ್ಟಿನೊಳಗಿಂದ ಸೀಟಿನ ಕೆಳಗೆ ಇಳಿದ ವೈರನ್ನು ನೋಡಿ, ಇದು ಆಸ್ಪತ್ರೆಯ ಸಾಮಾನೇ ಇರಬೇಕೆಂದು ಮುಖ ಮೆತ್ತಗೆ ಮಾಡಿಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ.

ನನ್ನ ಬೆರಳುಗಳಿಗೊಂದು ತೊಂದರೆ ಇದೆ. ತಣ್ಣನೆಯ ಗಾಳಿ ತಾಗಿದರೆ ತುದಿಯಿಂದ ಬೆಳ್ಳಗಾಗುತ್ತಾ ಬರುತ್ತವೆ, ಆಮೇಲೆ ಸ್ಪರ್ಶ ಹೋಗುತ್ತದೆ. ನೋವಿಲ್ಲ. ನೋವಿದ್ದಿದ್ದರೆ ಗೊತ್ತಾದರೂ ಆಗುತ್ತಿತ್ತು. ರಕ್ತನಾಳಗಳು ಸ್ವಲ್ಪ ಚಳಿಗೂ ಅತಿಯಾಗಿ ಹೆದರಿ ಬಾಗಿಲು ಹಾಕಿಕೊಳ್ಳುತ್ತವೆ ಎಂದು ಡಾಕ್ಟರು ವಿವರಿಸಿದರು. ಮನೆಯವರಿಗೆ ಆ ವಿವರಣೆ ನನ್ನ ಬೆರಳಿಗಿಂತ ನನಗೇ ಹೆಚ್ಚು ಹೊಂದುತ್ತದೆ ಅನ್ನಿಸಿರಬೇಕು. ಅಮ್ಮ ಅದನ್ನು ಬಂದವರಿಗೆಲ್ಲ ಹೇಳಿದರು. ಮಾತ್ರೆ ಸದ್ಯಕ್ಕೆ ಬೇಡ, ಕೈ ಬೆಚ್ಚಗಿಟ್ಟುಕೊಳ್ಳಿ ಎಂದಷ್ಟೇ ಸಲಹೆ.

ಮನೆ ಶಿವಮೊಗ್ಗದಲ್ಲಿ, ಸಂಶೋಧನೆ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ. ನಡುವೆ ಬೇಕಾದಷ್ಟು ಬಸ್ಸುಗಳಿವೆ. ಹಾಗಿದ್ದೂ ಬೈಕು ಏಕೆ ಎಂದು ಕೇಳಿದವರಿಗೆ ನಾನು ಸಮಯ ಉಳಿಯುತ್ತದೆ ಎನ್ನುತ್ತಿದ್ದೆ. ನಿಜವಾದ ಕಾರಣ ಬೇರೆ. ಬಸ್ಸಿನಲ್ಲಿ ಪಕ್ಕ ಕೂತವರು ಮಲವಗೊಪ್ಪ ಬರುವುದರೊಳಗೆ ಯಾರ ಮನೆಯವಳು ಎಂದು ಕೇಳಿ ಮುಗಿಸಿರುತ್ತಾರೆ. ಭದ್ರಾವತಿ ಬರುವುದರೊಳಗೆ ಪಿಎಚ್‌ಡಿ ಇನ್ನೂ ಎಷ್ಟು ದಿನ, ಮದುವೆ ಯಾವಾಗ ಎನ್ನುವುದೂ ಆಗಿರುತ್ತದೆ. ಕೆಟ್ಟವರಲ್ಲ, ಕಿಟಕಿಯ ಸೀಟು ಬಿಟ್ಟುಕೊಟ್ಟವರೇ ಅವರು. ಆದರೆ ಹೆಲ್ಮೆಟ್ಟಿನೊಳಗೆ ಯಾರೂ ಏನೂ ಕೇಳುವುದಿಲ್ಲ. ಇಡೀ ದಿನದಲ್ಲಿ ನನ್ನದು ಎನ್ನಬಹುದಾದ ಹೊತ್ತು ಅದೊಂದೇ ಆಗಿತ್ತು.

ಕೆಲವು ವರ್ಷಗಳ ಹಿಂದಿನ ಚಳಿಗಾಲ. ಮಲವಗೊಪ್ಪದ ಹತ್ತಿರ ಮುಂದಿದ್ದ ಹಾಲಿನ ವ್ಯಾನು ತಟಕ್ಕನೆ ನಿಂತಿತು. ನನ್ನ ಬಲಗೈ ಬ್ರೇಕು ಹಿಡಿದಿದೆ ಎಂದುಕೊಂಡೆ. ಹಿಡಿದಿರಲಿಲ್ಲ. ಬೆರಳುಗಳು ಹ್ಯಾಂಡಲ್ಲಿನ ಮೇಲೆ ಇದ್ದವು, ಕೆಲಸಕ್ಕೆ ಬಂದಿರಲಿಲ್ಲ. ಕಾಲಿನ ಬ್ರೇಕು ತುಳಿದು ರಸ್ತೆ ಪಕ್ಕದ ಮಣ್ಣಿಗೆ ಇಳಿದು, ಒಂದು ಬೇಲಿಗೆ ಒರಗಿ ನಿಂತೆ. ನನಗೇನೂ ಆಗಲಿಲ್ಲ, ಕನ್ನಡಿ ಮುರಿಯಿತು. ಕನ್ನಡಿ ಮುರಿದ ಬೈಕನ್ನು ಮನೆಗೆ ತಂದ ಮೇಲೆ ಮುರಿದದ್ದು ಹೇಗೆ ಎಂದು ಹೇಳಲೇಬೇಕಾಯಿತು. ಅಪ್ಪ ಊಟ ಮುಗಿಸಿ ಕೈತೊಳೆದು ಬಂದು, ಮಾರಿಬಿಡೋಣ ಎಂದರು. ಅವರು ದನಿ ಎತ್ತುವವರಲ್ಲ. ಹಾಗಾಗಿ ಅವರ ಮಾತನ್ನು ಬದಲಿಸುವುದು ಕಷ್ಟ. ಅವರ ಬ್ಯಾಂಕಿನ ಸಹೋದ್ಯೋಗಿಯೊಬ್ಬರು ಮಗನಿಗೆ ಇಂಥದ್ದೇ ಬೈಕು ಹುಡುಕುತ್ತಿದ್ದರು.

ಅಮ್ಮ ತನ್ನ ತಮ್ಮನಿಗೆ ಫೋನು ಮಾಡಿದ್ದು ನನ್ನ ಪರವಾಗಿಯೋ ಅಪ್ಪನ ಪರವಾಗಿಯೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ತಮ್ಮನೇ ರುದ್ರೇಶ ಮಾವ. ಭದ್ರಾವತಿಯ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡವರು. ಜೊತೆಯವರೆಲ್ಲ ತಮಿಳರಾಗಿದ್ದರಿಂದ ಕೆಲಸ ಕೆಟ್ಟಾಗ ಮಾತ್ರ ತಮಿಳಿನಲ್ಲಿ ಬೈದುಕೊಳ್ಳುತ್ತಿದ್ದರು. ಮಿಕ್ಕಂತೆ ಕನ್ನಡದಲ್ಲೇ ಎಲ್ಲರ ಕಾಲೆಳೆಯುತ್ತಿದ್ದರು. ಬಂದವರು ಬೈಕನ್ನು ಸುತ್ತು ಹಾಕಿ ನೋಡಿದರು.

"ಕಿಕ್ಕರ್ ಇಲ್ದೇ ಇರೋ ಗಾಡೀನ ಗಾಡಿ ಅಂತ ಮಾರಿದ್ದೇ ತಪ್ಪು, ಭಾವ. ಅದನ್ನ ತಗೊಂಡಿದ್ದು ನಿಮ್ಮ ಮಗಳ ತಪ್ಪು. ಆದ್ರೆ ಧನುರ್ಮಾಸ ಕಳೀಲಿ. ಅಷ್ಟರಲ್ಲಿ ಇನ್ನೊಂದ್ಸಲ ಏನಾದ್ರೂ ಆದ್ರೆ ಗಿರಾಕೀನ ನಾನೇ ಹಿಡ್ಕೊಂಡು ಬರ್ತೀನಿ."

ಅಪ್ಪ ಸಂಕ್ರಾಂತಿಯವರೆಗೆ ಒಪ್ಪಿದರು. ಅಲ್ಲಿಗೆ ನನ್ನ ಬೈಕಿನ ಆಯುಸ್ಸು ಪಂಚಾಂಗಕ್ಕೆ ಸೇರಿತು.

ಒಳಗೆ ಸಣ್ಣ ತಂತಿಗಳನ್ನು ಹೆಣೆದು, ಕರೆಂಟು ಹರಿಸಿದರೆ ಬೆಚ್ಚಗಾಗುವ ಕೈಗವಸುಗಳನ್ನು ನಾನು ಆನ್‌ಲೈನಿನಲ್ಲಿ ನೋಡಿದ್ದೆ. ಹಿಮದ ಕಡೆ ಹೋಗುವ ಸವಾರರಿಗಾಗಿ ಮಾಡಿದ್ದು. ತರಿಸಿಕೊಂಡು ಒಂದು ಭಾನುವಾರ ಭದ್ರಾವತಿಗೆ ತೆಗೆದುಕೊಂಡು ಹೋದೆ. ಮಾವ ಒಂದನ್ನು ಕೈಯಲ್ಲಿ ತೂಗಿ ನೋಡಿ, ಇದೇನು ಇಸ್ತ್ರಿಪೆಟ್ಟಿಗೆಗೆ ಬೆರಳು ಹೊಲಿದಿದ್ದಾರಾ ಎಂದರು. ನಾನು ಬಿಳಿ ಹಾಳೆಯಲ್ಲಿ ಅಚ್ಚುಕಟ್ಟಾಗಿ ಒಂದು ನಕ್ಷೆ ಬರೆದುಕೊಂಡು ಹೋಗಿದ್ದೆ. ಅವರು ಅದರ ಮೇಲೆ ಸ್ಕ್ರೂಗಳನ್ನು ಇಟ್ಟುಕೊಂಡರು.

ವಿಷಯ ಸರಳ. ಕೈಗವಸಿಗೆ ಬೈಕಿನ ಬ್ಯಾಟರಿಯಿಂದಲೇ ಕರೆಂಟು ಬೇಕು. ಸಣ್ಣ ಬೈಕಿನ ಎಂಜಿನ್ನು ತನ್ನ ದೀಪಕ್ಕೆ, ತನ್ನ ಕಿಡಿಗೆ ಸಾಕಾಗುವಷ್ಟು ಹುಟ್ಟಿಸುತ್ತದೆಯೇ ಹೊರತು ಸವಾರರ ಕೈ ಕಾಯಿಸುವಷ್ಟಲ್ಲ. ಹಾಗಾಗಿ ದಿನವೂ ಬ್ಯಾಟರಿ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಮನೆಗೆ ಬಂದ ಮೇಲೆ ಗೋಡೆಯ ಪ್ಲಗ್ಗಿನಿಂದ ಸಣ್ಣ ಚಾರ್ಜರ್ ಹಾಕಿ ಅದನ್ನು ತುಂಬಿಸಬೇಕು. ಬ್ಯಾಟರಿಯಿಂದ ಸೀಟಿನ ಹೊರಗೆ ಒಂದೇ ವೈರು ಎಳೆದು, ದಾರಿಯಲ್ಲಿ ಅದಕ್ಕೆ ಕೈಗವಸು, ಮನೆಯಲ್ಲಿ ಅದಕ್ಕೇ ಚಾರ್ಜರ್ ಸಿಕ್ಕಿಸುವುದು ಎಂದು ಇಬ್ಬರೂ ತೀರ್ಮಾನಿಸಿದೆವು. ಮಾವ ಆ ವೈರಿನ ನಡುವೆ ರಿಲೇ ಎಂಬ ಪುಟ್ಟ ಸ್ವಿಚ್ಚಿನ ಡಬ್ಬಿ ಕೂರಿಸಿದರು. ಕೀ ತೆಗೆದರೆ ಅದು ತಾನಾಗಿಯೇ ಕರೆಂಟು ಕಡಿಯುತ್ತದೆ. ನಿಲ್ಲಿಸಿದ ಯಂತ್ರದಿಂದ ಜೀವಂತ ವೈರು ಹೊರಗೆ ಬರಬಾರದು ಎನ್ನುವುದು ಅವರ ಧರ್ಮ. "ಆಫ್ ಅಂದ್ರೆ ಆಫ್" ಎನ್ನುತ್ತಿದ್ದರು.

ಕೆಲಸ ಶುರುಮಾಡುವ ಮೊದಲು ಅವರು ಬೈಕಿನ ಫ್ಯೂಸು ಕಿತ್ತು ನನಗೆ ಕೊಟ್ಟು, ಜೇಬಿನಲ್ಲಿಟ್ಟುಕೋ ಎಂದರು. ನನ್ನ ಚೂಡಿದಾರಕ್ಕೆ ಜೇಬಿರಲಿಲ್ಲ. ಹಾಗಾದರೆ ಮುಷ್ಟಿಯಲ್ಲಿ ಹಿಡಿದುಕೋ, ನಾನು ಕೇಳುವ ತನಕ ಯಾರಿಗೂ ಕೊಡಬೇಡ ಎಂದರು. ಕಾರ್ಖಾನೆಯಲ್ಲಿ ಲೈನಿಗೆ ಕೈ ಹಾಕುವವನು ಫ್ಯೂಸನ್ನು ತನ್ನ ಜೇಬಿಗೇ ಹಾಕಿಕೊಳ್ಳುವುದು ಪದ್ಧತಿಯಂತೆ. ಆದರೆ ಮಾವನಿಗೆ ಅದು ಪದ್ಧತಿಗಿಂತ ಹೆಚ್ಚಿನದಾಗಿತ್ತು ಎಂದು ಕಾಫಿ ತಂದ ಅತ್ತೆ ಹೇಳಿದರು. ಹುಡುಗರಾಗಿದ್ದಾಗ ಗಣಪತಿ ಪೆಂಡಾಲಿನ ಸೀರಿಯಲ್ ಲೈಟು ಸರಿಮಾಡುತ್ತಿದ್ದಾಗ ಯಾರೋ ಗೆಳೆಯ, ದೀಪ ಹತ್ತುತ್ತದೆಯೋ ನೋಡೋಣ ಎಂದು ಸ್ವಿಚ್ಚು ಹಾಕಿದ್ದನಂತೆ. ಎಡಗೈಯ ಬೆರಳ ತುದಿಗಳು ಸುಟ್ಟು ನುಣ್ಣಗಾಗಿ, ಅಲ್ಲಿ ಬಿಸಿ ತಣ್ಣಗೆ ಏನೂ ಗೊತ್ತಾಗುತ್ತಿರಲಿಲ್ಲ. ಬಲಗೈಯೊಂದರಲ್ಲೇ ಎಲೆಅಡಿಕೆ ಮಡಿಸುತ್ತಿದ್ದ ಮನುಷ್ಯ ಎಂದಷ್ಟೇ ನಾನು ಗಮನಿಸಿದ್ದೆ. ಕೆಲಸ ಮುಗಿದ ಮೇಲೆ ನನ್ನಿಂದ ಫ್ಯೂಸು ಕೇಳಿ ಪಡೆದು ಹಾಕಿ, ಕೈಗವಸು ಬಿಸಿಯಾಯಿತೇ ಎಂದು ನೋಡಲು ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು. ಮೀಸೆ ಬೆಳ್ಳಗಾದ ಮನುಷ್ಯ ಅಂಗಳದಲ್ಲಿ ಕಣ್ಣು ಮುಚ್ಚಿ ಕೈಗವಸಿಗೆ ಕೆನ್ನೆ ಕೊಟ್ಟು ನಿಂತಿದ್ದನ್ನು ನೋಡಿ ಎದುರುಮನೆಯವರು ಏನೆಂದುಕೊಂಡರೋ. "ನಿಂಗೆ ಚಳಿಗೆ ಹೋಗುತ್ತೆ, ನಂಗೆ ಹೋಗಿಯೇ ಬಿಟ್ಟಿದೆ, ಅಷ್ಟೇ ಕಣೇ ವ್ಯತ್ಯಾಸ" ಎಂದರು. ಫ್ಯೂಸು ಹಿಡಿದಿದ್ದ ಅಂಗೈಯಲ್ಲಿ ಅದರ ಗುರುತು ಇನ್ನೂ ಉಳಿದಿತ್ತು.

ಧನುರ್ಮಾಸ ಬಂತು. ಅಮ್ಮ ಕತ್ತಲಲ್ಲೇ ಎದ್ದು ದೇವಸ್ಥಾನಕ್ಕೆ ಹೋಗಿ ಹುಗ್ಗಿಯ ದೊನ್ನೆ ಹಿಡಿದು ಬರುವ ಹೊತ್ತಿಗೆ ನಾನು ಹೊರಡುತ್ತಿದ್ದೆ. ಬೆರಳುಗಳು ಬೆಚ್ಚಗೆ, ಕೆಂಪಗೆ, ಹೇಳಿದ ಮಾತು ಕೇಳಿಕೊಂಡು ಇರುತ್ತಿದ್ದವು. ಸಂಜೆ ಮನೆಗೆ ಬಂದೊಡನೆ ಚಾರ್ಜರ್ ಸಿಕ್ಕಿಸುತ್ತಿದ್ದೆ. ಅದರ ದೀಪ ಹಸಿರಾಗಿ ಉರಿಯುತ್ತಿತ್ತು. ಕೆಂಪು ಎಂದರೆ ಬ್ಯಾಟರಿ ತುಂಬುತ್ತಿದೆ, ಹಸಿರು ಎಂದರೆ ತುಂಬಿದೆ ಎಂದು ಅದರ ಜೊತೆ ಬಂದ ಪುಸ್ತಿಕೆಯಲ್ಲಿತ್ತು. ಮಾವನ ವೈರಿಂಗಿನಲ್ಲಿ ಬ್ಯಾಟರಿ ಇಳಿಯುವುದೇ ಇಲ್ಲ ಎಂದು ನಾನು ಹೆಮ್ಮೆಪಟ್ಟುಕೊಂಡೆ. ಫೋನಿನಲ್ಲಿ ಅವರಿಗೂ ಹೇಳಿದೆ. ಅವರೂ ಹೆಮ್ಮೆಪಟ್ಟುಕೊಂಡರು.

ಸಂಕ್ರಾಂತಿ ಇನ್ನೇನು ಬಂತು ಎನ್ನುವಾಗ ಒಂದು ಬೆಳಿಗ್ಗೆ ಬೈಕು ಸ್ಟಾರ್ಟ್ ಆಗಲಿಲ್ಲ. ಬಟನ್ ಒತ್ತಿದರೆ ಟಿಕ್ ಎನ್ನುತ್ತದೆ, ಸುಮ್ಮನಾಗುತ್ತದೆ. ಒದ್ದು ಸ್ಟಾರ್ಟ್ ಮಾಡೋಣವೆಂದರೆ ಕಿಕ್ಕರ್ ಇಲ್ಲ. ಅಪ್ಪ ಮಂಕಿ ಟೋಪಿ ಹಾಕಿಕೊಂಡು ಗೇಟಿನ ಹತ್ತಿರ ಪೇಪರಿಗೆ ಕಾಯುತ್ತಾ ಎಲ್ಲವನ್ನೂ ನೋಡಿದರು. ಒಳಗೆ ಹೋಗಿ ಸಹೋದ್ಯೋಗಿಗೆ ಫೋನು ಮಾಡಿ, ಸಂಜೆ ಬಂದು ಗಾಡಿ ನೋಡಬಹುದು ಎಂದರು. ನಾನು ಬಸ್ಸಿಗೆ ಹೋಗಲಿಲ್ಲ. ಮಾವನಿಗೆ ಫೋನು ಮಾಡಿ ಮೆಟ್ಟಿಲ ಮೇಲೆ ಕೂತೆ.

ಮಧ್ಯಾಹ್ನದ ಬಸ್ಸಿಗೆ ಬಂದ ಮಾವ, ದಿನವೂ ಏನು ಮಾಡುತ್ತೀಯೋ ಹಾಗೆಯೇ ಮಾಡಿ ತೋರಿಸು ಎಂದರು. ಚಾರ್ಜರ್ ಸಿಕ್ಕಿಸಿದೆ. ದೀಪ ಹಸಿರು. ಸತ್ತ ಬ್ಯಾಟರಿಗೆ ಹಸಿರು ದೀಪ. ಮಾವ ಅದನ್ನೇ ನೋಡುತ್ತಾ ನಿಂತು, ಕೀ ಹಾಕಿ ತಿರುಗಿಸಿದರು. ದೀಪ ಕೆಂಪಾಯಿತು. ಕೀ ತೆಗೆದರು. ಹಸಿರು. ಮತ್ತೆ ಹಾಕಿದರು. ಕೆಂಪು. ಆಮೇಲೆ ತಮಿಳಿನಲ್ಲಿ ತಮ್ಮನ್ನೇ ಒಂದು ಮಾತು ಬೈದುಕೊಂಡು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು.

ನಿಮಗೂ ಹೊಳೆದಿರಬಹುದು. ಕೀ ತೆಗೆದೊಡನೆ ರಿಲೇ ವೈರನ್ನು ಕಡಿಯುತ್ತಿತ್ತು. ಹೊರಗೆ ಹೋಗುವ ಕರೆಂಟನ್ನು ಕಡಿದ ಹಾಗೆಯೇ ಒಳಗೆ ಬರುವುದನ್ನೂ ಕಡಿಯುತ್ತಿತ್ತು. ಅಷ್ಟು ಸಂಜೆಗಳೂ ಚಾರ್ಜರ್ ತುದಿ ಕಡಿದ ವೈರಿಗೆ ಹಸಿರು ದೀಪ ತೋರಿಸುತ್ತಾ ಕೂತಿತ್ತು. ಏನನ್ನೂ ಜೋಡಿಸದಿದ್ದರೂ ಅದರ ದೀಪ ಹಸಿರೇ ಎಂದು ಆಮೇಲೆ ನೋಡಿ ತಿಳಿದೆ. ನನ್ನ ಅಚ್ಚುಕಟ್ಟಾದ ನಕ್ಷೆಯಲ್ಲೂ ಇದೇ ತಪ್ಪಿತ್ತು. ಸ್ಕ್ರೂ ಇಡುವುದಕ್ಕೇ ಅದು ಲಾಯಕ್ಕಾಗಿತ್ತು.

ಅಪ್ಪ ಬ್ಯಾಂಕಿನಿಂದ ಬಂದಾಗ ಮಾವ ಎದ್ದು ನಿಂತರು.

"ಭಾವ, ತಪ್ಪು ಹುಡುಗೀದಲ್ಲ, ಗಾಡೀದೂ ಅಲ್ಲ. ನಂದು. ಹೊರಗೆ ಬರಬಾರ್ದು ಅಂತ ಬಾಗಿಲು ಹಾಕ್ದೆ, ಒಳಗೆ ಹೋಗೋರಿಗೂ ಅದೇ ಬಾಗಿಲು ಅನ್ನೋದು ಮರ್ತೆ."

ಅಪ್ಪ ಸಹೋದ್ಯೋಗಿಗೆ ಮತ್ತೆ ಫೋನು ಮಾಡಿ, ಗಾಡಿಯ ಸೀಟು ಬಿಚ್ಚಿದೆ, ಇವತ್ತು ಬೇಡ ಎಂದರು. ಮಾರುವುದಿಲ್ಲ ಎನ್ನಲಿಲ್ಲ.

ಮಾವ ಚಾರ್ಜರಿಗೆಂದೇ ಎರಡನೇ ವೈರು ಎಳೆದರು. ಅದು ಬ್ಯಾಟರಿಯಿಂದ ನೇರ, ನಡುವೆ ಒಂದು ಫ್ಯೂಸು ಮಾತ್ರ. ಅಂದರೆ ಕೀ ತೆಗೆದ ಮೇಲೂ ಅದು ಜೀವಂತ. ಅದರ ತುದಿಗೆ ರಬ್ಬರಿನ ಟೋಪಿ ಹಾಕಿದರು, ಮೇಲೆ ಟೇಪು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಜೀವಮಾನದಲ್ಲಿ ಮಾಡದ ಕೆಲಸ ಮಾಡಿಸಿಬಿಟ್ಟೆಯಲ್ಲ ಮಾರಾಯ್ತಿ ಎಂದರು. ಆಮೇಲಿನ ದಿನಗಳಲ್ಲಿ ಅಕ್ಕನನ್ನು ನೋಡುವ ನೆಪದಲ್ಲಿ ಬಂದು, ಅಕ್ಕನಿಗಿಂತ ಮೊದಲು ಆ ಟೋಪಿಯನ್ನು ನೋಡಿ ಹೋಗುತ್ತಿದ್ದರು.

ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಟ್ಟು ನಮಸ್ಕಾರ ಮಾಡಿದಾಗ ಅಪ್ಪ ನನ್ನ ಕೈ ನೋಡಿದರು. ಅವರು ಅಷ್ಟು ಉದ್ದ ಮಾತಾಡಿದ್ದು ಕಡಿಮೆ.

"ವೈರಿಂದು ನಿಮ್ಮ ಮಾವ ನೋಡ್ಕೋತಾನೆ. ಬೆರಳು ನಿಂದು. ಸ್ಪರ್ಶ ಇದ್ಯಾ ಹೋಯ್ತಾ ಅಂತ ಹೊರಗಿನವರಿಗೆ ಕಾಣಲ್ಲ. ಹೋದಾಗ ನೀನೇ ಹೇಳ್ಬೇಕು. ಹೇಳ್ತೀನಿ ಅನ್ನೋ ಹಾಗಿದ್ರೆ ಇರ್ಲಿ ಗಾಡಿ."

ಹೇಳುತ್ತೇನೆ ಎಂದೆ. ಆ ಚಳಿಗಾಲವೂ ಅದರ ನಂತರದವೂ ಹೇಳುವಂಥದ್ದೇನೂ ಆಗಲಿಲ್ಲ. ಮಾವ ಈಗ ದಾವಣಗೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ.

ಇವತ್ತು ಬೆಳಿಗ್ಗೆ ಊರು ದಾಟಿದ ಮೇಲೆ ಬಲಗೈಯ ಎರಡು ಬೆರಳುಗಳು ಹೋದವು. ಬೈಕನ್ನು ಪಕ್ಕಕ್ಕೆ ನಿಲ್ಲಿಸಿ, ಕೈಗವಸನ್ನು ಕೆನ್ನೆಗೆ ಒತ್ತಿಕೊಂಡೆ. ಚೆನ್ನಾಗಿ ಬಿಸಿಯಾಗಿತ್ತು. ಮಾವನ ವೈರುಗಳಲ್ಲಿ ತಪ್ಪಿರಲಿಲ್ಲ. ಸರಿಮಾಡಲು ಅಲ್ಲೇನೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತರೆ ಬೆರಳು ಬರುತ್ತದೆ, ಹೊರಟುಬಿಡಬಹುದು ಎನ್ನುವುದು ನನಗೆ ಗೊತ್ತಿತ್ತು. ಯಾರಿಗೂ ಕಾಣುವಂತೆ ಏನೂ ಮುರಿದಿರಲಿಲ್ಲ. ಶಂಕರಘಟ್ಟದ ಬಸ್ಸೊಂದು ಹೋಯಿತು. ಒಳಗೆ ಎಲ್ಲರೂ ಮಾತಾಡುತ್ತಿದ್ದರು. ಎಡಗೈಯಲ್ಲಿ ಅಪ್ಪನಿಗೆ ಫೋನು ಮಾಡಿ, ಗ್ಲೌಸ್ ಬಿಸಿ ಇದ್ದರೂ ಎರಡು ಬೆರಳು ಹೋಗಿದೆ, ಮಲವಗೊಪ್ಪದಲ್ಲಿ ನಿಂತಿದ್ದೇನೆ ಎಂದೆ. ಅಲ್ಲೇ ಇರು ಎಂದರು ಅಪ್ಪ.

ಬಸ್ಸಿನಿಂದ ಇಳಿದು ಬಂದು ಕೀಗೆ ಕೈ ಚಾಚಿದರು. ನಿವೃತ್ತರಾದ ಮೇಲೆ ಅವರು ಬೈಕು ಮುಟ್ಟಿರಲಿಲ್ಲ. ನನ್ನ ಬೈಕಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದೂ ಇವತ್ತೇ ಮೊದಲು. ಅಲ್ಲಿಂದ ರಸ್ತೆ ಬೇರೆಯಾಗಿ ಕಾಣುತ್ತದೆ. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋಗುವರೇನೋ ಎನ್ನುವಷ್ಟು ನಿಧಾನವಾಗಿ ಓಡಿಸಿದರು. ಬೆನ್ನು ನೆಟ್ಟಗಿತ್ತು. ಭದ್ರಾವತಿಗೆ ಮೊದಲೇ ನನ್ನ ಬೆರಳುಗಳಿಗೆ ಸ್ಪರ್ಶ ಬಂತು. ಬಂತು ಎಂದು ಕೂಗಿ ಹೇಳಿದೆ. ಅಪ್ಪ ತಲೆಯಾಡಿಸಿದರು, ಗಾಡಿ ನಿಲ್ಲಿಸಲಿಲ್ಲ.

ಶಂಕರಘಟ್ಟದ ಗೇಟಿನ ಹತ್ತಿರ ಇಳಿದು, ಕೀಯನ್ನು ಜೇಬಿಗೆ ಹಾಕಿಕೊಳ್ಳಲು ಹೋದವರು ತೆಗೆದು ನನ್ನ ಕೈಗೆ ಕೊಟ್ಟರು.

"ನಾನು ಬಸ್ಸಿಗೆ ಹೋಗ್ತೀನಿ, ನೀನು ಬಿಸಿಲಿರೋವಾಗ್ಲೇ ಹೊರಟು ಬಾ. ಬೆಳಿಗ್ಗೆ ಹೊತ್ತು ನಾನು ಬಿಡ್ತೀನಿ, ಚಳಿ ಮುಗಿಯೋವರೆಗೂ."

ಬೆಳಗಿನ ಆ ಮೌನದ ಹೊತ್ತು ಇನ್ನು ನನ್ನೊಬ್ಬಳದಲ್ಲ ಎಂದು ಅರ್ಥವಾಯಿತು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೆನಪಾಯಿತು: ಮಲವಗೊಪ್ಪದಿಂದ ಇಲ್ಲಿಯ ತನಕ ಅಪ್ಪ ನನ್ನನ್ನು ಏನೂ ಕೇಳಿರಲಿಲ್ಲ.